ಕೋಳಿ ಬೇಡುವ ಹಬ್ಬ, ಬಿಳಿ ಬಾವುಟದ ನಾಯಕ

ಬಿಳಿ ಬಾವುಟ ಎಂದರೆ ಶರಣಾಗತಿಯ ಗುರುತು ಎಂದು ಮಕ್ಕಳು ಪಾಠದಲ್ಲಿ ಓದಿರುತ್ತೀರಿ. ಅಮೆರಿಕದ ದಕ್ಷಿಣದಲ್ಲಿರುವ ಲೂಸಿಯಾನಾ ರಾಜ್ಯದ ಕೆಲವು ಹಳ್ಳಿಗಳಲ್ಲಿ ವರ್ಷಕ್ಕೊಂದು ದಿನ ಅದಕ್ಕೆ ಬೇರೆಯೇ ಅರ್ಥವಿದೆ. ಕುದುರೆಯೇರಿದ ನಾಯಕನೊಬ್ಬ ಬಿಳಿ ಬಾವುಟ ಹಿಡಿದು ರೈತನ ಮನೆಯ ಮುಂದೆ ಬಂದು ನಿಲ್ಲುತ್ತಾನೆ. ಅವನ ತಂಡವೆಲ್ಲ ಹಿಂದೆ ರಸ್ತೆಯಲ್ಲೇ ಕಾಯುತ್ತಿರುತ್ತದೆ. ಎಲ್ಲರ ಮೈಮೇಲೂ ಬಣ್ಣಬಣ್ಣದ ಚಿಂದಿಯ ಅಂಗಿ, ಎಲ್ಲರ ಮುಖಕ್ಕೂ ಮುಖವಾಡ. ‘ನಮ್ಮವರು ನಿಮ್ಮ ಅಂಗಳಕ್ಕೆ ಬರಬಹುದೇ?’ ಎಂದು ನಾಯಕ ಕೇಳುತ್ತಾನೆ. ಮನೆಯವರು ಹೂಂ ಎಂದರೆ ಬಾವುಟ ಮೇಲೇರಿ ಬೀಸುತ್ತದೆ. ಅಷ್ಟೇ! ಇಡೀ ದಂಡು ಕೇಕೆ ಹಾಕುತ್ತ ಅಂಗಳಕ್ಕೆ ನುಗ್ಗುತ್ತದೆ. ಬೇಡ ಎಂದರೆ ನಾಯಕ ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗುತ್ತಾನೆ. ಅನುಮತಿ ಇಲ್ಲದೆ ಯಾರೂ ಅಂಗಳಕ್ಕೆ ಕಾಲಿಡುವಂತಿಲ್ಲ.

ಈ ಹಬ್ಬದ ಹೆಸರು ‘ಕೂರಿರ್ ದ ಮಾರ್ಡಿ ಗ್ರಾ’. ಫ್ರೆಂಚ್ ಭಾಷೆಯಲ್ಲಿ ಮಾರ್ಡಿ ಎಂದರೆ ಮಂಗಳವಾರ, ಗ್ರಾ ಎಂದರೆ ಕೊಬ್ಬಿದ್ದು. ಕ್ರೈಸ್ತರಿಗೆ ಈಸ್ಟರ್‌ಗೆ ಮುಂಚೆ ತಪಸ್ಸಿನ ಕಾಲವೊಂದು ಬರುತ್ತದೆ. ಭಾನುವಾರಗಳನ್ನು ಬಿಟ್ಟು 40 ದಿನ ಉಪವಾಸ, ಸಂಯಮ. ಅದು ಬುಧವಾರ ಶುರುವಾಗುತ್ತದೆ. ಅದರ ಹಿಂದಿನ ಮಂಗಳವಾರ ಮನೆಯಲ್ಲಿರುವ ಕೊಬ್ಬು, ಮಾಂಸ ಎಲ್ಲವನ್ನೂ ಖಾಲಿ ಮಾಡಿ ಉಂಡು ಕುಣಿಯುವ ದಿನ. ಈಸ್ಟರ್ ಹಬ್ಬದ ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಅದಕ್ಕಿಂತ 47 ದಿನ ಮೊದಲು ಬರುವ ಈ ಮಂಗಳವಾರವೂ ಫೆಬ್ರುವರಿ 3ರಿಂದ ಮಾರ್ಚ್ 9ರ ನಡುವೆ ಓಡಾಡುತ್ತಿರುತ್ತದೆ. 2026ರಲ್ಲಿ ಅದು ಫೆಬ್ರುವರಿ 17ಕ್ಕೆ ಬಂತು.

ಟಿ.ವಿ.ಯಲ್ಲಿ ಮಾರ್ಡಿ ಗ್ರಾ ಎಂದರೆ ನ್ಯೂ ಆರ್ಲಿಯನ್ಸ್ ನಗರದ ದೊಡ್ಡ ಮೆರವಣಿಗೆ, ಅಲಂಕಾರದ ರಥಗಳು, ಎಸೆಯುವ ಮಣಿಸರಗಳನ್ನು ತೋರಿಸುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ಅಲ್ಲಿಂದ ಪಶ್ಚಿಮಕ್ಕೆ ಬತ್ತದ ಗದ್ದೆಗಳ ಸೀಮೆಯಿದೆ. ಯೂನಿಸ್, ಮಮೂ, ಬೆಸೀಲ್, ಚರ್ಚ್ ಪಾಯಿಂಟ್, ಟೀ ಮಮೂ ಇವೆಲ್ಲ ಆ ಸೀಮೆಯ ಸಣ್ಣ ಊರುಗಳು. ಕೆಲವು ವರ್ಷಗಳ ಹಿಂದೆ ಹ್ಯೂಸ್ಟನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಮೂರೂವರೆ ಗಂಟೆ ಕಾರು ಓಡಿಸಿ ನನ್ನನ್ನೂ ಹತ್ತು ವರ್ಷದ ಮೊಮ್ಮಗನನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ನನ್ನ ಹೆಗಲಿಗೆ ಕ್ಯಾಮೆರಾ, ಮೊಮ್ಮಗನ ಹೆಗಲಿಗೆ ಬಿಸ್ಕತ್ತಿನ ಚೀಲ.

ಊರು ಬಿಡಿಸಿಕೊಂಡವರು

ಈ ಹಬ್ಬ ಮಾಡುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ಇಲ್ಲದಿದ್ದರೆ ಚಿತ್ರದಲ್ಲಿ ಬರೀ ಬಣ್ಣ ಕಾಣುತ್ತದೆ.

ಈಗಿನ ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ ಅಕೇಡಿಯಾ ಎಂಬ ಪ್ರದೇಶವಿತ್ತು. ಫ್ರಾನ್ಸಿನಿಂದ ಬಂದ ರೈತರು ಅಲ್ಲಿ ಸಮುದ್ರದ ನೀರಿಗೆ ಒಡ್ಡು ಕಟ್ಟಿ, ಜೌಗು ನೆಲವನ್ನು ಹೊಲ ಮಾಡಿಕೊಂಡು ಬದುಕಿದ್ದರು. ಆ ಪ್ರದೇಶ ಬ್ರಿಟಿಷರ ಕೈಗೆ ಹೋಯಿತು. ಬ್ರಿಟನ್ನಿನ ರಾಜನಿಗೆ ಷರತ್ತಿಲ್ಲದೆ ನಿಷ್ಠೆಯ ಪ್ರಮಾಣ ಮಾಡಿ ಎಂದರೆ ಇವರು ಒಪ್ಪಲಿಲ್ಲ. 1755ರಲ್ಲಿ ಬ್ರಿಟಿಷರು ಇವರನ್ನು ಹಿಡಿದು ಹಡಗುಗಳಿಗೆ ತುಂಬಿ ಬೇರೆ ಬೇರೆ ಕಡೆಗೆ ಸಾಗಿಸಿದರು. ಮನೆಗಳನ್ನು ಸುಟ್ಟರು. ಎಷ್ಟೋ ಕುಟುಂಬಗಳು ಚೆದುರಿಹೋದವು. ಕಾಯಿಲೆಯಿಂದ, ಹಡಗು ಮುಳುಗಿ ಸತ್ತವರು ಸಾವಿರಾರು ಜನ.

ಉಳಿದವರಲ್ಲಿ ಒಂದು ಗುಂಪು 1765ರಲ್ಲಿ ಲೂಸಿಯಾನಾ ಸೇರಿತು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಜನ ಬಂದರು. ‘ಅಕೇಡಿಯನ್’ ಎಂಬ ಹೆಸರು ಬಾಯಿಂದ ಬಾಯಿಗೆ ಸವೆದು ‘ಕೇಜನ್’ ಆಯಿತು. ಅದೇ ಗದ್ದೆಗಳ ಸೀಮೆಯಲ್ಲಿ ಫ್ರೆಂಚ್ ಮಾತಾಡುವ ಕಪ್ಪು ಜನರೂ ಮಿಶ್ರ ಕುಟುಂಬಗಳೂ ಇದ್ದರು. ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ, ಕೆರಿಬಿಯನ್ ದ್ವೀಪಗಳಿಂದ ಬಂದವರ ಸಂತತಿ ಎಲ್ಲವೂ ಅದರಲ್ಲಿ ಸೇರಿದೆ. ಇವರು ಕ್ರಿಯೋಲ್ ಜನ. ಕೇಜನ್ನರೂ ಕ್ರಿಯೋಲರೂ ಒಂದೇ ಮಳೆಗೆ ನೆನೆದವರು, ಒಂದೇ ಬಗೆಯ ಅಡುಗೆ ಉಂಡವರು. ಆದರೆ ಕಪ್ಪು-ಬಿಳಿ ಭೇದದ ಕಾಲದಲ್ಲಿ ಇವರ ಮಾರ್ಡಿ ಗ್ರಾ ಓಟಗಳು ಬೇರೆ ಬೇರೆಯೇ ನಡೆದವು. ಈಗಲೂ ಹಲವೆಡೆ ಹಾಗೆಯೇ ನಡೆಯುತ್ತವೆ.

ಮನೆಮನೆಗೆ ಹೋಗಿ ಹಾಡಿ ಕುಣಿದು ದವಸ ಬೇಡುವ ಪದ್ಧತಿ ಫ್ರಾನ್ಸಿನ ಹಳೆಯ ಕಾಲದ್ದು. ಚಳಿಗಾಲದ ಕೊನೆಗೆ ಬಡವರ ಕಣಜ ಬರಿದಾಗುತ್ತಿತ್ತು. ಕೈಚಾಚಿ ಬೇಡಲು ಸಂಕೋಚ. ಮುಖವಾಡ ಹಾಕಿಕೊಂಡು ಹಾಡಿ ಬೇಡಿದರೆ ಬೇಡಿದವನು ಯಾರೆಂದು ಗೊತ್ತಾಗುವುದಿಲ್ಲ, ಕೊಟ್ಟವರಿಗೆ ನಗು ಸಿಗುತ್ತದೆ. ನಮ್ಮ ಉತ್ತರ ಕನ್ನಡದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ ತುರಾಯಿ ಕಟ್ಟಿಕೊಂಡು ಮನೆಮನೆಗೆ ಬರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೇಣದ ಮುಖ ಅಲ್ಲ, ತಂತಿ ಜಾಲರಿ

ಈಗ ವೇಷದ ಮಾತು. ಅಂಗಿ-ಚಡ್ಡಿಗೆ ಹಳೆಯ ಬಟ್ಟೆಯ ಪಟ್ಟಿಗಳನ್ನು ಸಾಲುಸಾಲಾಗಿ ಹೊಲಿದಿರುತ್ತಾರೆ. ಓಡಿದರೆ ಆ ಚಿಂದಿಯೆಲ್ಲ ಹಕ್ಕಿಯ ಗರಿಯ ಹಾಗೆ ಹಾರುತ್ತದೆ. ತಲೆಗೆ ‘ಕಾಪುಷಾನ್’ ಎಂಬ ಉದ್ದನೆಯ ಶಂಕುವಿನಾಕಾರದ ಟೋಪಿ. ಹಳೆಯ ಕಾಲದ ಫ್ರಾನ್ಸಿನ ಸಿರಿವಂತ ಹೆಂಗಸರು ಇಂಥ ಚೂಪು ಟೋಪಿ ಹಾಕುತ್ತಿದ್ದರು. ಅದನ್ನು ಅಣಕಿಸಲು ಬಡವರು ಇದನ್ನು ಹಾಕಿಕೊಂಡರು. ಕೆಲವರು ಪಾದ್ರಿಗಳ ದೊಡ್ಡ ಟೋಪಿಯನ್ನೂ, ಇನ್ನು ಕೆಲವರು ಪದವಿ ಪ್ರದಾನದ ಚೌಕ ಟೋಪಿಯನ್ನೂ ಹಾಕುತ್ತಾರೆ. ಒಡೆಯರು, ಧರ್ಮಗುರುಗಳು, ಪಂಡಿತರು ಹೀಗೆ ವರ್ಷವಿಡೀ ಯಾರ ಮುಂದೆ ತಲೆ ತಗ್ಗಿಸಬೇಕೋ ಅವರನ್ನೆಲ್ಲ ಈ ಒಂದು ದಿನ ನಗೆಯಾಡಬಹುದು.

ಮುಖವಾಡ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯಂಥ ತಂತಿ ಜಾಲರಿಯದು. ಅದನ್ನು ಮುಖದ ಆಕಾರಕ್ಕೆ ಬಗ್ಗಿಸಿ, ಮೇಲೆ ಕಣ್ಣು, ಮೂಗು, ಮೀಸೆ ಬರೆಯುತ್ತಾರೆ. ಒಳಗಿನವನಿಗೆ ಹೊರಗಿನದು ಕಾಣುತ್ತದೆ, ಉಸಿರಾಟಕ್ಕೂ ತೊಂದರೆಯಿಲ್ಲ. ಹೊರಗಿನವರಿಗೆ ಒಳಗಿನ ಮುಖ ಕಾಣದು.

ಫೋಟೋ ತೆಗೆಯುವವನಿಗೆ ಇಲ್ಲೊಂದು ಗುಟ್ಟಿದೆ. ಮಕ್ಕಳೇ, ಹಗಲು ಹೊತ್ತು ಬೀದಿಯಿಂದ ನೋಡಿದರೆ ಜಾಲರಿ ಹಾಕಿದ ಕಿಟಕಿಯೊಳಗೆ ಏನೂ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಚ್ಚಿದರೆ ಎಲ್ಲ ಕಾಣುತ್ತದೆ. ಬೆಳಕು ಯಾವ ಕಡೆ ಹೆಚ್ಚಿದೆಯೋ ಆ ಕಡೆಯದು ಎದ್ದು ಕಾಣುತ್ತದೆ. ಈ ಮುಖವಾಡವೂ ಹಾಗೆಯೇ. ಬಿಸಿಲು ಎದುರಿನಿಂದ ಬಿದ್ದರೆ ಬರೆದ ಮುಖ ಕಾಣುತ್ತದೆ. ಪಕ್ಕದಿಂದಲೋ ಹಿಂದಿನಿಂದಲೋ ಬಂದ ಬೆಳಕು ಮುಖವಾಡದ ಒಳಗೆ ನುಸುಳಿದರೆ ನಿಜವಾದ ಮುಖ ಹೊರಗೆ ಇಣುಕುತ್ತದೆ. ಕ್ಯಾಮೆರಾ ಹಿಡಿದವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಒಬ್ಬನ ಗುಟ್ಟು ಉಳಿಯುತ್ತದೆ ಅಥವಾ ರಟ್ಟಾಗುತ್ತದೆ.

ಅಲ್ಲಿ ಮುಖವಾಡದ ಆಟದ ಸ್ವಾರಸ್ಯವೇ ಗುರುತು ಸಿಗದಿರುವುದು. ನೆರೆಮನೆಯವನೇ ಬಂದು ದನಿ ಬದಲಿಸಿ, ಮೊಣಕಾಲೂರಿ ಬೇಡುತ್ತಾನೆ. ಟೀ ಮಮೂ ಕಡೆಯವರು ಐದು ಕಾಸು ಕೊಡಿ ಎಂದು ಫ್ರೆಂಚಿನಲ್ಲಿ ಗೋಗರೆಯುತ್ತಾರೆ. ಮನೆಯವರು ‘ನೀನು ಅವನ ಮಗ ಅಲ್ಲವೇ? ನಿನ್ನ ಬೂಟು ನನಗೆ ಗೊತ್ತು’ ಎಂದು ಊಹಿಸುತ್ತಾರೆ. ಅವನು ತಲೆಯಾಡಿಸಿ ಓಡುತ್ತಾನೆ. ನಾಯಕನೊಬ್ಬನೇ ಮುಖವಾಡ ಹಾಕುವುದಿಲ್ಲ. ಅವನು ಮದ್ಯ ಮುಟ್ಟುವುದಿಲ್ಲ, ಉಳಿದವರು ಕುಡಿದು ಹದ್ದು ಮೀರದಂತೆ ನೋಡಿಕೊಳ್ಳುವುದು ಅವನ ಹೊಣೆ. ಕೆಲವು ಊರುಗಳಲ್ಲಿ ಗೋಣಿತಾಟನ್ನು ಹೆಣೆದು ಮಾಡಿದ ಚಾಟಿ ಅವನ ಕೈಯಲ್ಲಿರುತ್ತದೆ. ತುಂಟಾಟ ಮಾಡಿದವರಿಗೆ ಅದರಿಂದ ಪೆಟ್ಟು. ಪೆಟ್ಟು ತಿಂದವರೂ ನಗುತ್ತಾರೆ, ಮತ್ತೆ ತುಂಟಾಟ ಮಾಡುತ್ತಾರೆ.

ಕೋಳಿಯ ಹಿಂದೆ ಓಟ

ಬೇಡುವುದು ಏನನ್ನು? ಸಂಜೆ ಊರಿಗೆಲ್ಲ ಅಡುಗೆಯಾಗಬೇಕು. ಅದರ ಹೆಸರು ಗಂಬೊ. ಹಿಟ್ಟನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಂದು ಬಣ್ಣ ಬರುವ ತನಕ ಹುರಿದು, ಈರುಳ್ಳಿ, ಕೋಳಿ, ಮಾಂಸದ ಸಾಸೇಜು ಹಾಕಿ ಕುದಿಸುವ ಗಟ್ಟಿ ಸಾರು. ಅದನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಾರೆ. ಗಂಬೊ ಎಂಬ ಹೆಸರು ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಪದದಿಂದ ಬಂದದ್ದು. ಕೆಲವು ಬಗೆಯ ಗಂಬೊಗೆ ಇವತ್ತೂ ಬೆಂಡೆಕಾಯಿ ಹಾಕುತ್ತಾರೆ. ಹೆಸರು ಆಫ್ರಿಕಾದ್ದು, ಹಿಟ್ಟು ಹುರಿಯುವ ಕ್ರಮ ಫ್ರಾನ್ಸಿನದು, ಅಕ್ಕಿ ಅಲ್ಲಿಯ ಗದ್ದೆಯದು. ಒಂದು ಪಾತ್ರೆಯಲ್ಲಿ ಆ ಸೀಮೆಯ ಚರಿತ್ರೆಯೆಲ್ಲ ಬೆಂದಿರುತ್ತದೆ.

ಹೀಗಾಗಿ ಮನೆಯವರು ಅಕ್ಕಿ, ಈರುಳ್ಳಿ, ಸಾಸೇಜು, ಹಣ ಹೀಗೆ ಏನಾದರೂ ಕೊಡುತ್ತಾರೆ. ಎಲ್ಲರೂ ಕಾಯುವುದು ಮಾತ್ರ ಜೀವಂತ ಕೋಳಿಗೆ. ಯಜಮಾನ ಅದನ್ನು ಗಾಳಿಗೆ ಎಸೆಯುತ್ತಾನೆ. ಅದು ರೆಕ್ಕೆ ಬಡಿಯುತ್ತ ಗದ್ದೆಗೆ ಓಡುತ್ತದೆ. ಇಪ್ಪತ್ತು ಜನ ಅದರ ಹಿಂದೆ. ಬೇಲಿ ಹಾರುತ್ತಾರೆ, ಕಾಲುವೆಗೆ ಬೀಳುತ್ತಾರೆ, ಕೆಸರಿನಲ್ಲಿ ಜಾರುತ್ತಾರೆ. ಕೋಳಿ ಅವರ ಕಾಲುಗಳ ನಡುವೆಯೇ ತೂರಿ ಹೋಗುತ್ತದೆ. ಕೊನೆಗೆ ಒಬ್ಬ ಅದನ್ನು ತಬ್ಬಿಕೊಂಡು ಎದ್ದಾಗ ಅವನ ಬಣ್ಣದ ಅಂಗಿ ಪೂರ್ತಿ ಕೆಸರು.

ಇದನ್ನು ಚಿತ್ರದಲ್ಲಿ ಹಿಡಿಯುವುದು ಕೋಳಿ ಹಿಡಿದಷ್ಟೇ ಕಷ್ಟ. ನಾನು ಹುಡುಗನಾಗಿದ್ದಾಗ ಕಲಿತದ್ದು ಕ್ಲಿಕ್ ತ್ರೀ ಎಂಬ ಡಬ್ಬಿ ಕ್ಯಾಮೆರಾದಲ್ಲಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಒಂದೊಂದು ಚಿತ್ರಕ್ಕೂ ಲೆಕ್ಕ ಹಾಕಿ ಗುಂಡಿ ಒತ್ತುತ್ತಿದ್ದೆವು. ಆ ಅಭ್ಯಾಸ ಈಗಿನ ಕ್ಯಾಮೆರಾದಲ್ಲೂ ಉಪಯೋಗಕ್ಕೆ ಬರುತ್ತದೆ. ಕೋಳಿಯ ಹಿಂದೆ ಕ್ಯಾಮೆರಾ ತಿರುಗಿಸಿದರೆ ಸಿಗುವುದು ಜನರ ಬೆನ್ನು ಮಾತ್ರ. ಕೋಳಿ ಎತ್ತ ಓಡಬಹುದು ಎಂದು ಊಹಿಸಿ, ಬೇಲಿಯಾಚೆ ಮೊದಲೇ ನಿಂತು ಕಾಯಬೇಕು. ಶಟರನ್ನು ಸೆಕೆಂಡಿನ 1,000ದಲ್ಲಿ ಒಂದು ಭಾಗಕ್ಕೆ ಇಟ್ಟರೆ ಹಾರುವ ಕೆಸರಿನ ಹನಿಯೂ ನಿಂತು ಕಾಣುತ್ತದೆ. ಓಡುವ ಕುದುರೆಯ ವೇಗ ತೋರಿಸಬೇಕಾದರೆ ಅದಕ್ಕೆ ವಿರುದ್ಧ. ಸೆಕೆಂಡಿನ 60ರಲ್ಲಿ ಒಂದು ಭಾಗಕ್ಕೆ ಇಟ್ಟು, ಕುದುರೆಯ ಜೊತೆಯಲ್ಲೇ ಕ್ಯಾಮೆರಾ ತಿರುಗಿಸುತ್ತ ಒತ್ತಬೇಕು. ಆಗ ಕುದುರೆ ಸ್ಪಷ್ಟ, ಹಿಂದಿನ ಮರಗಳೆಲ್ಲ ಗೆರೆಗೆರೆ. ಕುದುರೆಯ ಬಳಿ ಫ್ಲ್ಯಾಶ್ ಹಾಕಲೇಬಾರದು, ಅದರ ಹಿಂದೆ ನಿಲ್ಲಲೇಬಾರದು. ಕ್ಯಾಮೆರಾಗೆ ಮಳೆ, ಕೆಸರು ತಾಗದಂತೆ ಪ್ಲಾಸ್ಟಿಕ್ ಚೀಲದ ಅಂಗಿ ತೊಡಿಸಿದ್ದೆ. ಅದನ್ನು ನೋಡಿ ಒಬ್ಬ ವೇಷದವನು ‘ನಿನ್ನ ಕ್ಯಾಮೆರಾವೂ ಮುಖವಾಡ ಹಾಕಿದೆಯಲ್ಲ!’ ಎಂದು ನಕ್ಕ.

‘ತಾತಾ, ಆ ಕೋಳಿ ಏನಾಗುತ್ತದೆ?’ ಎಂದು ಮೊಮ್ಮಗ ಕೇಳಿದ. ಗಂಬೊ ಆಗುತ್ತದೆ ಎಂದೆ. ಅವನಿಗೆ ಬೇಜಾರಾಯಿತು. ಪಕ್ಕದಲ್ಲಿದ್ದ ಊರಿನವರೊಬ್ಬರು, ಸಂಜೆಯ ಊಟಕ್ಕೆ ಬೆಳಗ್ಗೆಯೇ ಒಲೆ ಹೊತ್ತಿಸಿ ಆಗಿದೆ, ಓಡಿಸುವ ಕೋಳಿ ಈಗ ಬಹುಮಟ್ಟಿಗೆ ಆಟಕ್ಕೆ ಎಂದು ಅವನಿಗೆ ಸಮಾಧಾನ ಹೇಳಿದರು. ಸಸ್ಯಾಹಾರಿಯಾದ ನನಗೆ ಸಂಜೆ ಆ ಊರಿನವರು ಅನ್ನ, ಆಲೂಗಡ್ಡೆ ಸಲಾಡ್ ಬಡಿಸಿ, ‘ಇಷ್ಟೇ ಸಾಕೇ?’ ಎಂದು ಮೂರು ಸಲ ಕೇಳಿದರು.

ಒಬ್ಬರು ಹೇಳಿ, ಉಳಿದವರು ಸೊಲ್ಲು ಹಿಡಿದು

ಕೇಜನ್ ತಂಡದ ಜೊತೆ ಅಕಾರ್ಡಿಯನ್, ಪಿಟೀಲು, ತ್ರಿಕೋನಾಕಾರದ ಕಬ್ಬಿಣದ ತಾಳ ಇರುತ್ತವೆ. ಹುಲ್ಲು ಬಾಚುವ ಕುಂಟೆಯ ಹಳೆಯ ಹಲ್ಲುಗಳನ್ನು ಬಗ್ಗಿಸಿ ಈ ತಾಳ ಮಾಡುತ್ತಿದ್ದರಂತೆ. ಕ್ರಿಯೋಲ್ ಜನರ ಜೈಡಿಕೊ ಸಂಗೀತದಲ್ಲಿ ಎದೆಗೆ ತಗಡಿನ ಕವಚ ತೊಟ್ಟು ಅದರ ಏರುತಗ್ಗುಗಳನ್ನು ಚಮಚದಂಥದ್ದರಿಂದ ಉಜ್ಜಿ ತಾಳ ಹಾಕುತ್ತಾರೆ. ಬಟ್ಟೆ ಒಗೆಯುವ ತಗಡಿನ ಹಲಗೆಯಿಂದ ಹುಟ್ಟಿದ ವಾದ್ಯ ಅದು.

ಮಾರ್ಡಿ ಗ್ರಾ ದಿನ ಹಾಡುವ ಹಾಡು ಕುಣಿತದ ಹಾಡಿನಂತಿಲ್ಲ. ಅದರ ರಾಗದಲ್ಲಿ ಏನೋ ಹಳೆಯ ದುಃಖವಿದೆ. ದೂರದಿಂದ ಬಂದಿದ್ದೇವೆ, ವರ್ಷಕ್ಕೊಮ್ಮೆ ಬರುತ್ತೇವೆ, ಕೊಬ್ಬಿದ ಕೋಳಿ ಕೊಡಿ, ಸಂಜೆ ಊಟಕ್ಕೆ ನೀವೂ ಬನ್ನಿ ಎನ್ನುವುದು ಅದರ ಹುರುಳು. ಊರಿಂದ ಊರಿಗೆ ಮಾತುಗಳು ಬದಲಾಗುತ್ತವೆ. ಕ್ರಿಯೋಲ್ ತಂಡಗಳಲ್ಲಿ ಒಬ್ಬರು ಒಂದು ಸಾಲು ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಕೇಜನ್ ದಂಡಿನ ಗದ್ದಲಕ್ಕೆ ಹೋಲಿಸಿದರೆ ಅದು ಸೌಮ್ಯ. ಲೆಸ್ ಬ್ಲಾಂಕ್ ಎಂಬ ಚಿತ್ರ ನಿರ್ದೇಶಕರು 1973ರ ‘ಡ್ರೈ ವುಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಕ್ರಿಯೋಲ್ ಹಳ್ಳಿಯ ಮಾರ್ಡಿ ಗ್ರಾವನ್ನು ತೋರಿಸಿದ್ದಾರೆ. ಪ್ಯಾಟ್ ಮೈರ್ ಎಂಬವರು 1993ರಲ್ಲಿ ಕೇಜನ್ ಮಾರ್ಡಿ ಗ್ರಾ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರೇ ‘ಡಾನ್ಸ್ ಫಾರ್ ಎ ಚಿಕನ್’, ಅಂದರೆ ಒಂದು ಕೋಳಿಗಾಗಿ ಕುಣಿತ.

ಈ ಹಬ್ಬ ಒಮ್ಮೆ ನಿಂತೇ ಹೋಗುವ ಸ್ಥಿತಿಗೆ ಬಂದಿತ್ತು. ಎರಡನೆಯ ಮಹಾಯುದ್ಧಕ್ಕೆ ಹುಡುಗರೆಲ್ಲ ಹೋದರು, ಅನೇಕ ಊರುಗಳಲ್ಲಿ ಓಟ ನಿಂತಿತು. 1950ರ ದಶಕದ ಆರಂಭದಲ್ಲಿ ಮಮೂ ಊರಿನ ಪಾಲ್ ಟೇಟ್, ರೆವಾನ್ ರೀಡ್ ಮೊದಲಾದವರು ಹಿರಿಯರನ್ನು ವಿಚಾರಿಸಿ ಅದನ್ನು ಮತ್ತೆ ಶುರು ಮಾಡಿಸಿದರು. ಹಾಡು ನೆನಪಿದ್ದ ಮುದುಕರು ಆಗ ಇನ್ನೂ ಬದುಕಿದ್ದುದರಿಂದ ಅದು ಸಾಧ್ಯವಾಯಿತು.

ಜಗಲಿಯ ಅಜ್ಜಿ

ನಾವು ಹಿಂಬಾಲಿಸಿದ್ದು ಒಂದು ಸಣ್ಣ ಕೇಜನ್ ತಂಡವನ್ನು. ಊರಿನ ಹೆಸರು ಬೇಡ, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬೆಳಗ್ಗೆ ನಾಯಕನನ್ನು ಕಂಡು, ಫೋಟೋ ತೆಗೆಯಬಹುದೇ ಎಂದು ಕೇಳಿದ್ದೆ. ‘ನಾನೇ ಪ್ರತಿ ಮನೆಯಲ್ಲೂ ಕೇಳಿ ಒಳಗೆ ಹೋಗುತ್ತೇನೆ. ನೀವೂ ಹಾಗೆಯೇ ಮಾಡಿ’ ಎಂದ. ಸರಿಯಾದ ಮಾತು. ಪ್ರತಿ ಅಂಗಳದಲ್ಲೂ ಕೇಳಿದೆ. ಮಧ್ಯಾಹ್ನದ ಹೊತ್ತಿಗೆ ಏಳು ಮನೆಗಳಾದವು.

ಎಂಟನೆಯ ಮನೆಯ ಜಗಲಿಯಲ್ಲಿ ವಯಸ್ಸಾದ ಅಜ್ಜಿಯೊಬ್ಬರು ಮಂಡಿಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಮೊಮ್ಮಗಳು. ಅಲ್ಲಿ ಅಜ್ಜಿಯನ್ನು ‘ಮಾ ಮಾ’ ಎಂದು ಕರೆಯುತ್ತಾರೆ. ಅವರ ಯಜಮಾನರು ನಲವತ್ತು ವರ್ಷ ಆ ತಂಡದಲ್ಲಿ ಕುದುರೆ ಓಡಿಸಿದವರಂತೆ. ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು.

ನಾಯಕ ಬಾವುಟ ಬೀಸಲಿಲ್ಲ. ಕುದುರೆ ಇಳಿದು, ಟೋಪಿ ತೆಗೆದು, ಮೆಟ್ಟಿಲ ಬಳಿ ನಿಂತ. ವೇಷದವರು ಒಬ್ಬೊಬ್ಬರಾಗಿ ನಡೆದುಕೊಂಡು ಬಂದು ಅರ್ಧಚಂದ್ರಾಕಾರವಾಗಿ ನಿಂತರು. ಕೇಕೆಯಿಲ್ಲ, ಲಾಗವಿಲ್ಲ. ಅದೇ ಹಾಡನ್ನು ಮೆಲ್ಲಗೆ ಹಾಡಿದರು. ಎರಡನೆಯ ಸಾಲಿಗೆ ಅಜ್ಜಿಯೂ ದನಿಗೂಡಿಸಿದರು. ಪೂರ್ತಿ ಹಾಡು ಅವರಿಗೆ ಬಾಯಿಗೆ ಬರುತ್ತಿತ್ತು.

ಮಧ್ಯಾಹ್ನದ ಬಿಸಿಲು ವಾಲಿ, ವೇಷದವರ ಪಕ್ಕದಿಂದ ಬೀಳುತ್ತಿತ್ತು. ನಾನು ನಿಂತ ಜಾಗದಿಂದ ಜಾಲರಿಗಳ ಒಳಗಿನ ಮುಖಗಳೆಲ್ಲ ಕಾಣುತ್ತಿದ್ದವು. ನಗುವ ಮೀಸೆ ಬರೆದ ಮುಖವಾಡದ ಹಿಂದೆ ಒಬ್ಬ ಹುಡುಗ ಅಳುತ್ತಿದ್ದ. ಅವನಿಗೆ ಹದಿನೆಂಟೋ ಹತ್ತೊಂಬತ್ತೋ. ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದೆ, ಫೋಕಸ್ ಕೂಡ ಆಗಿತ್ತು. ಆ ದಿನದ ಅತ್ಯುತ್ತಮ ಚಿತ್ರ ಅದಾಗುತ್ತಿತ್ತು. ಆದರೆ ಅವನು ಮುಖವಾಡ ಹಾಕಿಕೊಂಡಿದ್ದು ಅದರ ಮರೆಯಲ್ಲಿರಲು. ಅವನ ಅಳು ನಾನು ಬೇಡಬಹುದಾದ ಕೋಳಿಯಲ್ಲ. ಕ್ಯಾಮೆರಾ ಇಳಿಸಿದೆ.

ಹಾಡು ಮುಗಿದ ಮೇಲೆ ಮೊಮ್ಮಗಳ ಬಳಿ ಹೋಗಿ, ಅಜ್ಜಿಯ ಫೋಟೋ ತೆಗೆಯಬಹುದೇ ಎಂದು ಕೇಳಿದೆ. ಅವಳು ಅಜ್ಜಿಯ ಕಿವಿಯಲ್ಲಿ ಕೇಳಿದಳು. ಅಜ್ಜಿ ಹೇಳಿದ್ದನ್ನು ಅವಳೇ ನನಗೆ ತಿಳಿಸಿದಳು: ‘ನನ್ನೊಬ್ಬಳದು ಬೇಡ. ಎಲ್ಲರೂ ಇರಲಿ. ಮುಖವಾಡ ಯಾರೂ ತೆಗೆಯಬಾರದು.’ ತಂಡದವರು ಜಗಲಿಯ ಮೆಟ್ಟಿಲುಗಳ ಮೇಲೆ ಅಜ್ಜಿಯ ಸುತ್ತ ಕುಳಿತರು. ಬಿಸಿಲು ಎದುರಿನಿಂದ ಬೀಳುವಂತೆ ಎಲ್ಲರನ್ನೂ ಸ್ವಲ್ಪ ತಿರುಗಿಸಿದೆ. ಜಾಲರಿಯ ಮೇಲಿನ ಬಣ್ಣ ಹೊಳೆಯಿತು, ಒಳಗಿನ ಮುಖಗಳೆಲ್ಲ ಮರೆಯಾದವು. 19 ವೇಷಗಳು, ಮಧ್ಯದಲ್ಲಿ ಮುಖವಾಡವಿಲ್ಲದ ಒಂದೇ ಮುಖ. ಅಜ್ಜಿ ನಗುತ್ತಿದ್ದರು.

ಹೊರಡುವಾಗ ಅಜ್ಜಿ ಮೊಮ್ಮಗಳಿಗೆ ಫ್ರೆಂಚಿನಲ್ಲಿ ಏನೋ ಹೇಳಿದರು. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ನಾನು ನನ್ನ ಮೊಮ್ಮಗನತ್ತ ನೋಡಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವನೂ ಹಾಗೆಯೇ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಲೂಸಿಯಾನಾದಲ್ಲಿ 1921ರ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದು ವಿಧಿಸಿತು. ಆಟದ ಬಯಲಿನಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ ಕೊಟ್ಟರು. ಆ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳಿಗೆ ಆ ನೋವು ಬೇಡವೆಂದು ಫ್ರೆಂಚ್ ಕಲಿಸಲೇ ಇಲ್ಲ. 1968ರಲ್ಲಿ ಫ್ರೆಂಚ್ ಉಳಿಸಲು ರಾಜ್ಯವೇ ಒಂದು ಮಂಡಳಿ ಸ್ಥಾಪಿಸಿತು. ಆದರೆ ಮನೆಮಾತಾಗಿ ಅದು ಅಷ್ಟರಲ್ಲಿ ಬಹಳ ಸೊರಗಿತ್ತು. ಈಗ ಮಾರ್ಡಿ ಗ್ರಾ ಹಾಡನ್ನು ಫ್ರೆಂಚಿನಲ್ಲಿ ಹಾಡುವ ಹುಡುಗರಲ್ಲಿ ಅನೇಕರಿಗೆ ಅದರ ಅರ್ಥ ಪೂರ್ತಿ ಗೊತ್ತಿಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ಯಾರೂ ಶಿಕ್ಷೆ ಕೊಡುತ್ತಿಲ್ಲ. ಆದರೂ ಮಾತು ಜಾರುತ್ತಿದೆ.

ವಿವರವಿಲ್ಲದ ಚಿತ್ರ

ಹ್ಯೂಸ್ಟನ್ನಿಗೆ ಮರಳಿದ ಮೇಲೆ ಒಂದು ಚಿತ್ರವನ್ನು ಮೊಬೈಲಿನಲ್ಲಿ ಮಗಳ ಸ್ನೇಹಿತರಿಗೆ ತೋರಿಸಿದೆ. ಕಾಪುಷಾನ್ ಹಾಕಿದ ಇಬ್ಬರು ದೂರದಲ್ಲಿ ನಿಂತ ಚಿತ್ರ. ಅವರು ಬೆಚ್ಚಿದರು. ಅಮೆರಿಕದಲ್ಲಿ ಕಪ್ಪು ಜನರನ್ನು ಹಿಂಸಿಸಿ ಕೊಂದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನವರೂ ಚೂಪು ಟೋಪಿ, ಮುಸುಕು ಹಾಕುತ್ತಿದ್ದರು. ಕಾಪುಷಾನ್ ಆ ಗುಂಪಿಗಿಂತ ಎಷ್ಟೋ ಹಳೆಯದು, ಸಿರಿವಂತರನ್ನು ಅಣಕಿಸಲು ಹುಟ್ಟಿದ್ದು, ಕ್ರಿಯೋಲ್ ಕಪ್ಪು ಜನರ ಮಾರ್ಡಿ ಗ್ರಾದಲ್ಲೂ ಅದನ್ನು ಹಾಕುತ್ತಾರೆ ಎಂದು ವಿವರಿಸಿದೆ. ಹಾಗೆಂದು ಅವರ ಭಯ ಸುಳ್ಳಲ್ಲ, ಆ ಗಾಯ ನಿಜ. ಬರಹವಿಲ್ಲದ ಚಿತ್ರ ನೋಡುವವರ ಮನಸ್ಸಿನಲ್ಲಿ ಮೊದಲೇ ಇರುವುದನ್ನು ಹೇಳುತ್ತದೆ. ಬ್ಯಾಂಕಿನಲ್ಲಿ ವಿವರ ಬರೆಯದ ವೋಚರನ್ನು ನಾವು ಮುಟ್ಟುತ್ತಿರಲಿಲ್ಲ. ಚಿತ್ರಕ್ಕೂ ಅದೇ ನಿಯಮ ಇರಬೇಕು ಅನಿಸಿತು.

ಅದಕ್ಕೇ ಜಗಲಿಯ ಚಿತ್ರದ ಎರಡು ದೊಡ್ಡ ಪ್ರಿಂಟ್ ಹಾಕಿಸಿ ಅಜ್ಜಿಯ ಮನೆಗೆ ಅಂಚೆಯಲ್ಲಿ ಕಳಿಸಿದೆ. ಒಂದು ಅವರಿಗೆ. ಇನ್ನೊಂದರ ಹಿಂದೆ, ಅವರಿಗೆ ಮನಸ್ಸಿದ್ದರೆ, ಏನಾದರೂ ಬರೆದು ಕಳಿಸಲಿ ಎಂದು ಕೇಳಿದ್ದೆ.

ಮೂರು ವಾರದ ಮೇಲೆ ಲಕೋಟೆ ಬಂತು. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಮೆಟ್ಟಿಲುಗಳ ನಕ್ಷೆ, ಒಂದೊಂದು ಜಾಗಕ್ಕೂ ಸಂಖ್ಯೆ. 19ರಲ್ಲಿ 17ಕ್ಕೆ ಹೆಸರು! ಹೆಸರಿನ ಮುಂದೆ ಗುರುತು ಹಿಡಿದ ಬಗೆಯನ್ನೂ ಬರೆಸಿದ್ದರು. ಒಬ್ಬನದು ಬೂಟು, ಒಬ್ಬನದು ಕೈಯ ಮೇಲಿನ ಮಚ್ಚೆ, ಇನ್ನೊಬ್ಬನ ಅಂಗಿ ಅವನ ತಾಯಿ ಹೊಲಿದದ್ದು, ಆ ಹೊಲಿಗೆ ಅಜ್ಜಿಯೇ ಕಲಿಸಿದ್ದು. ಉಳಿದ ಎರಡರಲ್ಲಿ ಒಂದರ ಎದುರು ಹೀಗಿತ್ತು: ‘ಹೆಸರು ಹೊಳೆಯಲಿಲ್ಲ. ಆದರೆ ಕೂರುವುದು ತನ್ನ ತಾತನ ಹಾಗೆಯೇ.’ ಕೊನೆಯಲ್ಲಿ ಮೊಮ್ಮಗಳು ತನ್ನದೇ ಎರಡು ಮಾತು ಸೇರಿಸಿದ್ದಳು. ಬರೆಯಲು ಕೂತ ಆ ಎರಡು ಸಂಜೆಗಳಲ್ಲಿ ಅಜ್ಜಿ ಹೇಳಿದಷ್ಟು ಸಂಗತಿಗಳನ್ನು ತಾನು ಹಿಂದೆಂದೂ ಕೇಳಿರಲಿಲ್ಲ, ಹೆಸರುಗಳನ್ನು ಯಾರಿಗೂ ಹೇಳಬೇಡಿ ಎಂದು. ಹೇಳಿಲ್ಲ. ಚಿತ್ರದ ಮುಂಭಾಗದಲ್ಲಿ ಮುಖವಾಡ ಇದ್ದಂತೆಯೇ ಇದೆ.

ಊರಿಗೆ ಬಂದ ಮೇಲೆ ನಮ್ಮ ಮನೆಯ ಟ್ರಂಕಿನಿಂದ 1958ರ ಒಂದು ಮದುವೆಯ ಫೋಟೋ ಹೊರತೆಗೆದೆ. ಚಪ್ಪರದ ಕೆಳಗೆ 23 ಜನ. ನಮ್ಮ ಮನೆಯಲ್ಲಿ ಅವರನ್ನು ಗುರುತಿಸಬಲ್ಲವನು ಈಗ ನಾನೊಬ್ಬನೇ. ರಜಕ್ಕೆ ಬಂದ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 14 ಹೆಸರು ಬರೆಸಿದೆ. ಅವನು ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಬರೆದನಲ್ಲ, ಅಷ್ಟು ಸಾಕು ಎಂದುಕೊಂಡೆ. ಆದರೆ ‘ಸೋದರತ್ತೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುವುದು ಎಂದು ತಲೆ ಕೆರೆದುಕೊಂಡು, ಕೊನೆಗೆ ಅದೊಂದನ್ನು ಹೇಗೆ ಬರೆಯುವುದೆಂದು ನನ್ನಿಂದ ಹೇಳಿಸಿಕೊಂಡು ಕನ್ನಡದಲ್ಲೇ ಬರೆದ. ತೊಂಬತ್ತು ದಾಟಿದ ಆ ಸೋದರತ್ತೆಗೇ ಫೋನ್ ಮಾಡಿದೆವು. ಫೋಟೋ ನೋಡದೆಯೇ, ಯಾರು ಎಲ್ಲಿ ನಿಂತಿದ್ದರು, ಯಾರ ಕೈಯಲ್ಲಿ ಯಾರ ಮಗು ಇತ್ತು ಎಂದು ಹೇಳಿ ಇನ್ನೂ ಐದು ಹೆಸರು ಕೊಟ್ಟರು. ನಾಲ್ಕು ಜಾಗ ಖಾಲಿ ಉಳಿದಿವೆ.

ಮಕ್ಕಳೇ, ಈ ರಜೆಯಲ್ಲಿ ಮನೆಯ ಹಳೆಯ ಆಲ್ಬಂ ತೆಗೆಯಿರಿ. ಬಾಲ್‌ಪೆನ್ ಬೇಡ, ಒತ್ತಿದರೆ ಗೆರೆ ಚಿತ್ರದ ಮುಂದೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಹಗುರವಾಗಿ ಬರೆಯಿರಿ. ಮೊಬೈಲಿನ ಚಿತ್ರವಾದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಸರು, ಊರು, ವರ್ಷ, ಮತ್ತು ಅವರ ಬಗ್ಗೆ ಅಜ್ಜ-ಅಜ್ಜಿ ಹೇಳುವ ಒಂದೇ ಒಂದು ಮಾತು. ಅಜ್ಜ-ಅಜ್ಜಿಯರೇ, ನೆನಪಾದಷ್ಟು ಹೇಳಿ. ಹೆಸರು ಹೊಳೆಯದಿದ್ದರೆ ಕೂರುವ ಭಂಗಿಯಾದರೂ ಯಾರ ಹಾಗಿದೆ ಎಂದು ಹೇಳಿ.